ಲೋಹದ ಎಂಜಿನ್ ಮಾದರಿಗೆ ಮುಂಗಡ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ

ನಾಚಿಕೆಯಿಂದ ಮೂರು ವಾರ ಸುಮ್ಮನಿದ್ದೆ. ಮೋಸ ಹೋದದ್ದನ್ನು ಮನೆಯವರ ಮುಂದೆಯೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ. ಆದರೆ ಮೊನ್ನೆ ಭಾನುವಾರ ಗೆಳೆಯರೊಬ್ಬರು ಒಂದು ಜಾಹೀರಾತಿನ ಚಿತ್ರ ಕಳಿಸಿ, "ನೀವು ಇವರ ಹತ್ತಿರವೇ ಅಲ್ಲವೇ ಮಾಡಿಸಿದ್ದು? ನಾನೂ ಒಂದು ಮಾಡಿಸೋಣ ಎಂದುಕೊಂಡಿದ್ದೇನೆ" ಎಂದರು. ಆ ಚಿತ್ರದಲ್ಲಿದ್ದ ಎಕ್ಸಾಸ್ಟ್ ಕೊಳವೆಗಳು (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆಗಳು) ನನ್ನವು. ಹಿತ್ತಾಳೆಯ ಸಣ್ಣ ಕೊಳವೆಗೆ ನುಣುಪು ಮರಳು ತುಂಬಿ, ಕಾಯಿಸಿ, ನನ್ನ ಕೈಯಾರೆ ಬಗ್ಗಿಸಿದ ಕೊಳವೆಗಳು ಅವು; ಕೆಳಗೆ ಹಾಸಿರುವುದು ಕೂಡ ಸೋಲ್ಡರಿಂಗ್ ಐರನ್ ತಗುಲಿ ಮೂಲೆಯಲ್ಲಿ ಸುಟ್ಟ ಗುರುತಿರುವ ನನ್ನದೇ ಹಸಿರು ಕಟಿಂಗ್ ಮ್ಯಾಟ್. ನನ್ನ ಎಂಜಿನ್ ಮಾದರಿಗೆ ಲೋಹದ ಭಾಗ ಮಾಡಿಕೊಡುತ್ತೇನೆಂದು ದುಡ್ಡು ಪಡೆದವನಿಗೆ, ಅಳತೆ ತಾಳೆ ನೋಡಲಿ ಎಂದು ನಾನು ಕಳಿಸಿದ್ದ ಚಿತ್ರವನ್ನು ಆತ ತನ್ನ ಕೆಲಸವೆಂದು ತೋರಿಸಿ ಬೇರೆಯವರಿಂದ ಮುಂಗಡ ಪಡೆಯಲು ಹೊರಟಿದ್ದಾನೆ. ಇನ್ನು ನನ್ನ ನಾಚಿಕೆ ನೋಡಿಕೊಂಡು ಕೂರುವುದು ತಪ್ಪಾಗುತ್ತದೆ.

ನಾನು ಎರಡು ವರ್ಷದಿಂದ ಮಾಡುತ್ತಿರುವುದು ಫೋರ್ಡ್ ಕಾಸ್‌ವರ್ತ್ ಡಿಎಫ್‌ವಿ ರೇಸ್ ಎಂಜಿನ್ನಿನ 1:8 ಅಳತೆಯ ಮಾದರಿ. 1967ರ ಜೂನ್ 4ರಂದು ನೆದರ್ಲೆಂಡ್ಸಿನ ಜಾಂಡ್‌ವೋರ್ಟ್‌ನಲ್ಲಿ ಲೋಟಸ್ 49 ಕಾರಿನ ಬೆನ್ನಿಗೆ ಕೂತು ಮೊದಲ ಬಾರಿ ಓಡಿದ ದಿನವೇ ಜಿಮ್ ಕ್ಲಾರ್ಕ್‌ಗೆ ಗೆಲುವು ತಂದುಕೊಟ್ಟು, ಮುಂದೆ 1983ರವರೆಗೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಟ್ಟು 155 ಓಟಗಳನ್ನು ಗೆದ್ದ ಎಂಜಿನ್ ಇದು. ಕೀತ್ ಡಕ್‌ವರ್ತ್ ಇದನ್ನು ಕಾರಿನ ಹಿಂಭಾಗದ ಚಾಸಿಯ ಕೆಲಸವನ್ನೂ ಎಂಜಿನ್ನೇ ಮಾಡುವಂತೆ ರೂಪಿಸಿದರು. ಮುಂದಿನಿಂದ ಅದು ಚಾಲಕ ಕೂರುವ ತೊಟ್ಟಿಗೆ ಬೋಲ್ಟ್ ಆಗುತ್ತದೆ, ಹಿಂದಿನ ಸಸ್ಪೆನ್ಷನ್ನಿನ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಎಂಜಿನ್ ಕಾದು ಹಿಗ್ಗಿದಾಗ ಎಳೆದಾಟ ಆಗಬಾರದೆಂದು ಮೇಲಿನ ಜೋಡಣೆಗೆ ತೆಳು ತಗಡಿನ ಪಟ್ಟಿಗಳನ್ನು ಇಟ್ಟರು. ಆ ಪಟ್ಟಿಗಳನ್ನು ಹಿತ್ತಾಳೆ ತಗಡಿನಿಂದ ನಾನೇ ಕತ್ತರಿಸಿಕೊಂಡೆ. ಪ್ಲಗ್ ವೈರುಗಳಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಒಂದು ಮಿಲಿಮೀಟರಿಗಿಂತ ಸಪೂರವಾದ ಕಪ್ಪು ವೈರು ಹುಡುಕಿ ತಂದೆ. ಗಾಳಿ ಒಳಗೆಳೆಯುವ ಎಂಟು ಟ್ರಂಪೆಟ್‌ಗಳನ್ನು ಪೀಣ್ಯದಲ್ಲಿ ಸಣ್ಣ ಲೇತ್ ಇಟ್ಟುಕೊಂಡಿರುವ ಹಿರಿಯರೊಬ್ಬರು ತಿರುವಿಕೊಟ್ಟಿದ್ದರು.

ನನ್ನ ಕೈಯಲ್ಲಿ ಆಗದಿದ್ದದ್ದು ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಭಾಗ), ಸಂಪ್ (ಬ್ಲಾಕಿನ ತಳದ ಎಣ್ಣೆ ತೊಟ್ಟಿ), ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಎರಡು ಹೆಡ್, ಅವುಗಳ ಮೇಲಿನ ಕ್ಯಾಮ್ ಕವರುಗಳು, ಕ್ರ್ಯಾಂಕ್ (ಪಿಸ್ಟನ್ನುಗಳ ಮೇಲೆ ಕೆಳಗಿನ ಆಟದಿಂದ ತಿರುಗುವ ದಂಡ), ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ಎಂಟು ಕನೆಕ್ಟಿಂಗ್ ರಾಡ್ ಮತ್ತು ಎಂಟು ಪಿಸ್ಟನ್. ಒಂದು ಬದಿಯನ್ನು ತೆರೆದಿಟ್ಟು, ಕ್ರ್ಯಾಂಕ್ ತಿರುಗಿಸಿದರೆ ಒಳಗಿನ ಪಿಸ್ಟನ್ನುಗಳು ಮೇಲೆ ಕೆಳಗೆ ಆಡುವುದು ಕಾಣಬೇಕು ಎಂಬುದು ನನ್ನ ಆಸೆ. ನಿಜವಾದ ಎಂಜಿನ್ನಿನ ಸಿಲಿಂಡರಿನ ವ್ಯಾಸ ಸುಮಾರು 85.7 ಮಿಲಿಮೀಟರ್, ನನ್ನ ಮಾದರಿಯಲ್ಲಿ ಅದು 10.7 ಮಿಲಿಮೀಟರ್. ಪೀಣ್ಯದ ಯಜಮಾನರು ನಕ್ಷೆ ನೋಡಿ, "ಟ್ರಂಪೆಟ್ ಆಯಿತು ಸ್ವಾಮಿ, ಈ ಕ್ರ್ಯಾಂಕ್ ನನ್ನ ಮೆಷಿನ್ನಿನಲ್ಲಿ ಆಗುವುದಿಲ್ಲ. ಕಡಿಮೆ ದುಡ್ಡಿಗೆ ಮಾಡಿಕೊಡುತ್ತೇನೆ ಅನ್ನುವವರು ಸಿಕ್ಕರೆ ಮೊದಲು ಅವರ ಮೆಷಿನ್ ನೋಡಿಕೊಂಡು ಬನ್ನಿ" ಎಂದಿದ್ದರು. ನಾನು ನೋಡಿಕೊಂಡು ಬರಲಿಲ್ಲ.

ಆ ವ್ಯಕ್ತಿ ನನಗೆ ಸಿಕ್ಕಿದ್ದು ಪರಿಚಯದವರ ಪರಿಚಯದವರ ಮೂಲಕ. ಕನ್ನಡದವನೇ, ಊರು, ಹೆಸರು ಇಲ್ಲಿ ಬರೆಯುವುದಿಲ್ಲ. ಮೊದಲ ದಿನದಿಂದಲೂ "ಅಣ್ಣಾ" ಎಂದೇ ಮಾತು. "ಅಣ್ಣಾ, ಇಂಥ ಕೆಲಸ ತರೋರು ವರ್ಷಕ್ಕೊಬ್ಬರು ಸಿಗಲ್ಲ. ದುಡ್ಡಿನ ಮುಖ ನೋಡದೆ ಮಾಡಿಕೊಡ್ತೀನಿ" ಎಂದ. ಬ್ಲಾಕು, ಹೆಡ್ಡು, ಸಂಪು 6061 ದರ್ಜೆಯ ಅಲ್ಯೂಮಿನಿಯಂ, ಕ್ರ್ಯಾಂಕ್ ಇಎನ್8 ದರ್ಜೆಯ ಉಕ್ಕು, ಎಲ್ಲವೂ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ) ಕಡೆದದ್ದು, ಒಟ್ಟು 46,000 ರೂಪಾಯಿ ಎಂದು ಮಾತಾಯಿತು. 25,000 ಮುಂಗಡ, ಕೊರಿಯರ್‌ಗೆ ಹಾಕುವ ಮೊದಲು ಉಳಿದ 21,000. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ಶೇ 18 ಜಿಎಸ್‌ಟಿ ಸೇರುತ್ತೆ ಅಣ್ಣಾ, ನಮ್ಮ ನಿಮ್ಮ ಮಧ್ಯೆ ಯಾಕೆ" ಎಂದ. ನಾನು ಒಪ್ಪಿದೆ. ಈ ಮಾತನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ, ಆದರೆ ಒಪ್ಪಿದ್ದು ನಿಜ.

ಕೆಲಸ ಮಾಡಿಸಿದ ಯಾರಿಗಾದರೂ ಗೊತ್ತಿರುವಂತೆ ಇಂಥ ವ್ಯವಹಾರದಲ್ಲಿ ಹೇಳಿದ ದಿನಕ್ಕೆ ಸಾಮಾನು ಬರುವುದಿಲ್ಲ, ಹಾಗಾಗಿ ತಡವಾದದ್ದಕ್ಕೆ ನಾನು ಬೇಸರಪಡಲಿಲ್ಲ. ಮೆಷಿನ್ನಿನ ಸ್ಪಿಂಡಲ್ ಹೋಗಿದೆ ಎಂದ, ಊರಿನಲ್ಲಿ ಜಾತ್ರೆ, ಹುಡುಗರು ಬಂದಿಲ್ಲ ಎಂದ, ಎಲ್ಲವನ್ನೂ ನಂಬಿದೆ. ಎರಡು ತಿಂಗಳು ಎಂದದ್ದು ಐದು ತಿಂಗಳಾಯಿತು. ನಡುವೆ "ಮೇಲ್ಮೈ ಫಿನಿಶ್" ಎಂದು 3,500 ಹೆಚ್ಚಿಗೆ ಪಡೆದ. ಕಡೆಯುತ್ತಿರುವಾಗಿನ ಒಂದು ಚಿತ್ರ ಕಳಿಸಪ್ಪಾ ಎಂದು ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಮುಗಿದ ಭಾಗದ ಹೊರಮೈಯ ಚಿತ್ರ ಬಂತು, ಅದೂ ಹೊಳೆಯುವ ಬೆಳಕಿನಲ್ಲಿ. ಹೊಳಪು ನೋಡಿ ನಾನು ಖುಷಿಪಟ್ಟೆ. ಆ ಚಿತ್ರಗಳನ್ನು ಗೆಳೆಯರಿಗೆಲ್ಲ ತೋರಿಸಿದೆ.

ಪಾರ್ಸೆಲ್ ಬಂದ ಸಂಜೆ ಕೈಗೆ ತೆಗೆದುಕೊಂಡಾಗ ತೂಕ ಸರಿಯಾಗಿಯೇ ಇತ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ವಸ್ತು, ಲೋಹದಂತೆ ಭಾರವಾಗಿ ಕೂತಿತು. ಸಂಪನ್ನು ಬ್ಲಾಕಿಗೆ ಕೂಡಿಸಲೆಂದು ಓರೆ ಮಾಡಿದೆ. ಒಳಗೆ ಏನೋ "ಟಕ್" ಎಂದು ಉರುಳಿತು. ಇನ್ನೊಂದು ಕಡೆಗೆ ಓರೆ ಮಾಡಿದೆ, ಮತ್ತೆ ಟಕ್. ಕಡೆಯುವಾಗ ಸಿಕ್ಕಿಕೊಂಡ ಚೂರು ಇರಬೇಕೆಂದುಕೊಂಡು, ಒಳಮೂಲೆಯಲ್ಲಿ ಕಾಣಿಸದ ಜಾಗದಲ್ಲಿ ಸಣ್ಣ ಅರದಿಂದ ಎರಡು ಸಲ ಉಜ್ಜಿದೆ. ಅಲ್ಯೂಮಿನಿಯಂ ಆಗಿದ್ದರೆ ಅರದ ಹಲ್ಲಿನಲ್ಲಿ ಮಿನುಗುವ ಚೂರುಗಳು ಸಿಕ್ಕಿಕೊಳ್ಳಬೇಕು. ಬಂದದ್ದು ಬಳಪದ ಪುಡಿಯಂಥ ಬೂದು ಪುಡಿ, ಜೊತೆಗೆ ರೆಸಿನ್ನಿನ (ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವದ) ಆ ಹುಳಿ ವಾಸನೆ. ಬೆರಳಿಗೆ ಬೆಳ್ಳಿಬಣ್ಣ ಹತ್ತಿತ್ತು. ಆಗಲೂ ನನ್ನ ಮನಸ್ಸು ಒಪ್ಪಲಿಲ್ಲ. ಸಣ್ಣ ಗರಗಸ ತೆಗೆದುಕೊಂಡು ಸಂಪನ್ನು ಮಧ್ಯಕ್ಕೆ ಕತ್ತರಿಸಿದೆ. 3ಡಿ ಪ್ರಿಂಟರಿನಲ್ಲಿ ತೆಗೆದ ಟೊಳ್ಳಾದ ರೆಸಿನ್ ಪ್ರಿಂಟ್, ಪದರಪದರವಾಗಿ ಗೆರೆಗಳು ಕಾಣುತ್ತಿದ್ದವು, ಅದರೊಳಗೆ ಅಂಟಿನಲ್ಲಿ ಮುಳುಗಿಸಿದ ಸೈಕಲ್ ಬಾಲ್ಸ್. ಹೌದು, ಸೈಕಲ್ಲಿನ ಚಕ್ರದ ಬೇರಿಂಗಿಗೆ ಹಾಕುವ ಬಾಲ್ಸ್. ಎಣಿಸಿದೆ, 31 ಇದ್ದವು. ಅದರಲ್ಲಿ ಒಂದು ಅಂಟು ಬಿಟ್ಟು ಉರುಳುತ್ತಿತ್ತು. ಆ ಒಂದು ಬಿಡದೇ ಇದ್ದಿದ್ದರೆ ನಾನು ಬಣ್ಣ ಬಳಿದ ರೆಸಿನ್ನನ್ನು ಅಲ್ಯೂಮಿನಿಯಂ ಎಂದೇ ನಂಬಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ರೆಸಿನ್ ಕೆಟ್ಟದ್ದಲ್ಲ. ರೆಸಿನ್ನಿನಲ್ಲಿ ಅದ್ಭುತವಾಗಿ ಕೆಲಸ ಮಾಡುವವರಿದ್ದಾರೆ, ನಾನೂ ಮಾಡಿಸಿದ್ದೇನೆ. ರೆಸಿನ್ ಎಂದು ಹೇಳಿ ರೆಸಿನ್ನಿನ ಬೆಲೆಗೆ ಕೊಟ್ಟಿದ್ದರೆ ನನ್ನದೇನೂ ತಕರಾರಿರಲಿಲ್ಲ. ಲೋಹದ ತೂಕ ಬರಲಿ ಎಂದು ಒಳಗೆ ಬಾಲ್ಸ್ ತುಂಬಿಸಿದ ಮೇಲೆ ಅದು ಕೈತಪ್ಪು ಅಲ್ಲ, ಕೂತು ಯೋಚಿಸಿ ಮಾಡಿದ ಮೋಸ.

ಕ್ರ್ಯಾಂಕ್ ಮಾತ್ರ ನಿಜವಾಗಿಯೂ ಲೋಹದ್ದಾಗಿತ್ತು. ಅದನ್ನು ನೋಡಿದಾಗ ಆದ ಸಂಕಟ ಬಾಲ್ಸ್ ನೋಡಿದಾಗಲೂ ಆಗಲಿಲ್ಲ. ಡಿಎಫ್‌ವಿಯ ಕ್ರ್ಯಾಂಕ್ ಚಪ್ಪಟೆ ಕ್ರ್ಯಾಂಕ್: ಕನೆಕ್ಟಿಂಗ್ ರಾಡುಗಳು ಕೂರುವ ನಾಲ್ಕು ಪಿನ್ನುಗಳಲ್ಲಿ ಎರಡು ತುದಿಯವು ಒಂದು ಕಡೆಗೆ, ನಡುವಿನ ಎರಡು ನೇರ ಎದುರು ಕಡೆಗೆ, ಎಲ್ಲವೂ ಒಂದೇ ಸಮತಲದಲ್ಲಿ. ಗಾಜಿನ ಮೇಲೆ ಇಟ್ಟರೆ ಅದು ಚಪ್ಪಟೆಯಾಗಿ ಮಲಗಬೇಕು. ನನಗೆ ಬಂದ ಕ್ರ್ಯಾಂಕ್ ಗಾಜಿನ ಮೇಲೆ ಮಲಗಲಿಲ್ಲ, ಒಂದು ಪಿನ್ ಕೆಳಕ್ಕೆ, ಒಂದು ಮೇಲಕ್ಕೆ ಚಾಚಿಕೊಂಡು ತೂರಾಡಿತು. ತುದಿಯಿಂದ ಕಣ್ಣಿಟ್ಟು ನೋಡಿದರೆ ಕೂಡಿಸುವ ಚಿಹ್ನೆಯ ಹಾಗೆ ನಾಲ್ಕೂ ದಿಕ್ಕಿಗೆ ಪಿನ್ನುಗಳು. ಅದು ಅಮೆರಿಕದ ರಸ್ತೆ ಕಾರುಗಳ ವಿ8 ಎಂಜಿನ್ನುಗಳಲ್ಲಿ (ಎಂಟು ಸಿಲಿಂಡರು 'ವಿ' ಆಕಾರದಲ್ಲಿ ಎರಡು ಸಾಲಾಗಿರುವ ಎಂಜಿನ್ನುಗಳಲ್ಲಿ) ಇರುವ ಬಗೆಯ ಕ್ರ್ಯಾಂಕ್. ಎಲ್ಲೋ ಸಿಕ್ಕ ಯಾವುದೋ ವಿ8ರ ಕಂಪ್ಯೂಟರ್ ವಿನ್ಯಾಸದ ಕಡತವನ್ನು ಇಳಿಸಿಕೊಂಡು, ಅಳತೆ ಕುಗ್ಗಿಸಿ ಕಳಿಸಿದ್ದಾನೆ. ನನ್ನ ನಕ್ಷೆಯಲ್ಲಿ "1 ಮತ್ತು 4 ಒಂದು ಕಡೆ, 2 ಮತ್ತು 3 ಎದುರು ಕಡೆ" ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದೆ. ಅದಕ್ಕೆ ಹೆಬ್ಬೆರಳೆತ್ತಿದ ಇಮೋಜಿ ಉತ್ತರವಾಗಿ ಬಂದಿತ್ತು.

ಇದು ಹಟದ ಮಾತಲ್ಲ. ಚಪ್ಪಟೆ ಕ್ರ್ಯಾಂಕ್ ಇರುವುದರಿಂದಲೇ ಡಿಎಫ್‌ವಿಯ ಒಂದೊಂದು ಬದಿಯ ನಾಲ್ಕು ಸಿಲಿಂಡರುಗಳು ಸಮ ಅಂತರದಲ್ಲಿ ಉರಿದು, ನಾಲ್ಕು ಕೊಳವೆಗಳು ಒಂದಾಗಿ, ಬದಿಗೊಂದರಂತೆ ಎರಡು ಉದ್ದ ಕೊಳವೆಗಳು ಹಿಂದಕ್ಕೆ ಹೋಗುತ್ತವೆ. ಇನ್ನೊಂದು ಬಗೆಯ ಕ್ರ್ಯಾಂಕಿನಲ್ಲಿ ಅದೇ ಸಮ ಅಂತರ ಸಿಗಬೇಕಾದರೆ ಈ ಬದಿಯ ಕೊಳವೆ ಆ ಬದಿಗೆ ದಾಟಬೇಕಾಗುತ್ತದೆ. ಅಂದರೆ ನಾನು ಮರಳು ತುಂಬಿ ಬಗ್ಗಿಸಿದ ಕೊಳವೆಗಳಿಗೂ ಆತ ಕಳಿಸಿದ ಕ್ರ್ಯಾಂಕಿಗೂ ಸಂಬಂಧವೇ ಇಲ್ಲ. ಎಂಜಿನ್ ಎಂದರೆ ಒಳಗಿನದು ಹೊರಗಿನದನ್ನು ನಿರ್ಧರಿಸುವ ವಸ್ತು. ಅದಕ್ಕಾಗಿಯೇ ಎರಡು ವರ್ಷ ಕೊಟ್ಟಿದ್ದೆ.

ಇನ್ನು ಆತನ ಉತ್ತರಗಳು. ಕತ್ತರಿಸಿದ ಸಂಪಿನ ಚಿತ್ರ ಕಳಿಸಿದ ಮೇಲೆ "ಅಣ್ಣಾ" ಹೋಗಿ "ಸರ್" ಆಯಿತು. "ಸರ್, ನೀವು ಮೆಟಲ್ ಅಂದ್ರಿ. ನಾವು ಮೆಟಲ್ ಫಿನಿಶ್ ಕೊಟ್ಟಿದ್ದೀವಿ." 6061 ಎಂದು ಆತನೇ ಕಳಿಸಿದ್ದ ಸಂದೇಶವನ್ನು ತೋರಿಸಿದೆ. "ಅದು ಎಸ್ಟಿಮೇಟ್ ಸರ್." ಬಾಲ್ಸ್ ಯಾಕೆ ಹಾಕಿದೆ ಎಂದು ಕೇಳಿದೆ. "ತೂಕ ಬರಲಿ ಅಂತ ನಿಮಗೋಸ್ಕರಾನೇ ಹಾಕಿದ್ದು, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಮಾಡಿಲ್ಲ." ಈ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ. ನಿಮಗೋಸ್ಕರಾನೇ ಹಾಕಿದ್ದು. ಕ್ರ್ಯಾಂಕ್ ತಪ್ಪು ಎಂದದ್ದಕ್ಕೆ, "ಒಳಗಡೆ ಇರೋದು ಯಾರಿಗೆ ಕಾಣುತ್ತೆ? ಶೋಕೇಸಲ್ಲಿಟ್ಟರೆ ಮುಗೀತು" ಎಂದ. ಒಂದು ಬದಿ ತೆರೆದಿರುತ್ತದೆ ಎಂದು ಮೊದಲ ದಿನವೇ ಹೇಳಿದ್ದೆನಲ್ಲ ಎಂದೆ. ಅದಕ್ಕೆ ಉತ್ತರವಿಲ್ಲ. ದುಡ್ಡು ವಾಪಸ್ ಕೇಳಿದ ದಿನ "ಸರ್" ಕೂಡ ಹೋಯಿತು: "ನೋಡ್ರೀ, ನೀವು ಕತ್ತರಿಸಿ ಹಾಳು ಮಾಡಿದ ಪೀಸನ್ನು ನಾನ್ಯಾಕೆ ವಾಪಸ್ ತಗೊಳ್ಳಲಿ? ಆಟದ ಸಾಮಾನಿಗೆ ಇಷ್ಟೊಂದು ಗಲಾಟೆನಾ?" ಮರುದಿನದಿಂದ ನನ್ನ ನಂಬರ್ ಬ್ಲಾಕ್ ಆಗಿದೆ. ಮಗನ ಫೋನಿನಿಂದ ಮಾಡಿದೆ. ದನಿ ಕೇಳುತ್ತಲೇ ಇಟ್ಟುಬಿಟ್ಟ.

ಆಟದ ಸಾಮಾನು ಎಂದ ಮಾತಿಗೆ ನನಗೆ ಇನ್ನೂ ಕೋಪ ಇಳಿದಿಲ್ಲ. ಆಟದ ಸಾಮಾನಾಗಿದ್ದರೆ 49,500 ರೂಪಾಯಿ ಯಾಕೆ ತೆಗೆದುಕೊಂಡ?

ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲದಿರುವುದರಿಂದ ಹಣ ಕಳಿಸಿದ ಯುಪಿಐ ದಾಖಲೆ ಮತ್ತು ಸಂದೇಶಗಳನ್ನೇ ಒದಗಿಸಬೇಕಾಯಿತು. ಹಾಗಾಗಿ ಮುಂದಕ್ಕೆ ಮಾಡಿಸುವವರು ಬಿಲ್ ಬಿಡಬೇಡಿ, ಆ ಶೇ 18 ಉಳಿಸಲು ಹೋಗಬೇಡಿ. ಯಂತ್ರದ ಮೇಲೆ ಅರ್ಧ ಕಡೆದಿರುವ ತುಂಡಿನ ಚಿತ್ರ ತೋರಿಸದವರಿಗೆ ಎರಡನೆಯ ಕಂತು ಕೊಡಬೇಡಿ. ಹೊಳಪಿನ ಚಿತ್ರ ಎಷ್ಟು ಬಂದರೂ ಅದು ಲೆಕ್ಕಕ್ಕಿಲ್ಲ. ಮೊದಲು ಒಂದೇ ಒಂದು ಪಿಸ್ಟನ್ ಮಾಡಿಸಿ, ಅರದಿಂದ ಉಜ್ಜಿ ನೋಡಿ. ನಿಮ್ಮ ಕೈಕೆಲಸದ ಚಿತ್ರವನ್ನು ಗುರುತು ಹಾಕದೆ ಯಾರಿಗೂ ಕಳಿಸಬೇಡಿ. ಅಣ್ಣಾ ಎಂದು ಕರೆದರೆಂದು ಕರಗಬೇಡಿ.

ಗುರುವಾರ ಪೀಣ್ಯಕ್ಕೆ ಹೋಗಿದ್ದೆ. ಯಜಮಾನರು ಆ ಕ್ರ್ಯಾಂಕನ್ನು ಬೆರಳಲ್ಲಿ ತಿರುಗಿಸಿ ನೋಡಿ, ಏನೂ ಅನ್ನದೆ ಪಕ್ಕಕ್ಕಿಟ್ಟು, ನನ್ನ ನಕ್ಷೆ ಕೇಳಿದರು. ಐದು ತುಂಡುಗಳಾಗಿ ತಿರುವಿ, ಪಿನ್ನು ಒತ್ತಿ ಕೂಡಿಸಿದರೆ ಆಗಬಹುದು, ಎರಡು ತಿಂಗಳು ಬೇಕು ಎಂದರು. ಮುಂಗಡ ಬೇಡವೆಂದರು. ಬ್ಲಾಕನ್ನು ಬೇರೆ ಕಡೆ, ಬಿಲ್ಲಿನೊಂದಿಗೆ ಮಾಡಿಸುತ್ತೇನೆ.

ಸುಟ್ಟ ಗುರುತಿರುವ ಹಸಿರು ಮ್ಯಾಟಿನ ಮೇಲೆ ಎಂಟು ಹಿತ್ತಾಳೆ ಕೊಳವೆಗಳಿರುವ ಚಿತ್ರ ತೋರಿಸಿ ಯಾರಾದರೂ ನಿಮ್ಮಿಂದ ಮುಂಗಡ ಕೇಳಿದ್ದರೆ, ಅಥವಾ ಈಗಾಗಲೇ ಕೊಟ್ಟಿದ್ದರೆ, ನನಗೆ ತಿಳಿಸಿ. ಕತ್ತರಿಸಿದ ಸಂಪಿನ ಚಿತ್ರ, ಆತನ ಸಂದೇಶಗಳು, ದೂರಿನ ಪ್ರತಿ ಎಲ್ಲವನ್ನೂ ಕಳಿಸುತ್ತೇನೆ, ನಿಮ್ಮ ದೂರಿನ ಜೊತೆ ಲಗತ್ತಿಸಿಕೊಳ್ಳಬಹುದು. ಪಾರ್ಸೆಲ್ ಬಂದಿದ್ದರೆ ಇವತ್ತೇ ಬಿಚ್ಚಿ, ಸಂಪನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ.