ನಂಬರ್ ಪ್ಲೇಟ್ ಮುಚ್ಚಿದ ಸ್ವಿಫ್ಟ್: ಹೈದರಾಬಾದ್ ಸೆಕೆಂಡ್ ಹ್ಯಾಂಡ್ ಡೀಲರ್ ಬಲ್ಲಿ ನನಗಾದ ಅನುಭವ

ಮೊದಲೇ ಹೇಳ್ತೀನಿ, ಈ ಡೀಲರ್ ಹೆಸರು ಇಲ್ಲಿ ಬರಿಯಂಗಿಲ್ಲ, ಯಾಕಂದ್ರ ಕಂಪ್ಲೇಂಟ್ ಹಾಕೀನಿ, ಅದು ಇನ್ನಾ ನಡದದ. ಹೈದರಾಬಾದ್‌ನಾಗಿನ ಒಂದು ಹಳೆ ಕಾರ್ ಮಾರೋ ಅಂಗಡಿ ಅಂತ ತಿಳ್ಕೋರಿ ಸಾಕು. ನಮ್ ಕಲಬುರಗಿ, ಬೀದರ್, ಯಾದಗಿರಿ ಕಡಿ ಮಂದಿ ಭಾಳ ಜನ ಅಲ್ಲಿಂದನೇ ಗಾಡಿ ತರ್ತಾರ, ಈಗೀಗ ಹೋಗಿ ನೋಡೋದು ಬಿ ಇಲ್ಲ, ವಾಟ್ಸಾಪ್‌ನಾಗ ಫೋಟೋ ನೋಡಿ ಫೋನ್ ಮ್ಯಾಲೇ ರೊಕ್ಕ ಹಾಕಿಬಿಡ್ತಾರ. ನಾನು ಬಿ ಹಂಗೇ ಮಾಡ್ದೆ. ಅದಕ್ಕೇ ಬರೀಲಾಕತ್ತೀನಿ, ಉದ್ದ ಆಗ್ತದ, ಪೂರ್ತಿ ಓದ್ರಿ.

ಹೋದ ಡಿಸೆಂಬರ್ ಮಾತು. ನಾ ಗಂಜ್‌ನಾಗ ಒಂದು ಅಂಗಡಿ ಲೆಕ್ಕ ಬರೀತೀನಿ, ತೊಗರಿ ಬರೋ ಟೈಮ್ ಅದು, ದಿನಾ ರಾತ್ರಿ ಒಂಬತ್ತು ಹತ್ತು ಆಗ್ತದ, ಎರಡು ದಿನ ರಜಾ ಕೇಳಿದ್ರ ಸಾವ್ಕಾರ್ರು ಮಾರಿ ನೋಡಲ್ಲ. ಮನ್ಯಾಗ ಅಪ್ಪಗ ಮೊಣಕಾಲ ಆಪರೇಷನ್ ಆಗಿತ್ತು, ತೋರಿಸ್ಲಾಕ ತಿಂಗಳಿಗಿ ಎರಡು ಸಲ ಸೋಲಾಪುರಕ್ಕ ಕರ್ಕೊಂಡು ಹೋಗ್ಬೇಕು, ಬಸ್ ಹತ್ತಲಾಕ ಆಗಲ್ಲ, ಬಾಡಿಗಿ ಗಾಡಿ ಖರ್ಚ ತಡಕೊಳ್ಳಾಕ ಆಗ್ಲಿಲ್ಲ. ಹಂಗಾಗಿ ಒಂದು ಡೀಸೆಲ್ ಸ್ವಿಫ್ಟ್ ಹುಡುಕ್ಲಾಕ ಸುರು ಮಾಡ್ದೆ. ಮಾರುತಿಯವ್ರು 2020ರ ಏಪ್ರಿಲ್‌ದಿಂದ ಡೀಸೆಲ್ ಬಂದ್ ಮಾಡ್ಯಾರ, ಅಂದ್ರ ಬೇಕಾದ್ರ ಹಳೇದೇ ತಗೋಬೇಕು, ನಮ್ ಊರಾಗ ಒಳ್ಳೆ ಗಾಡಿ ಇದ್ದವ್ರು ಲಗೂನ ಮಾರಲ್ಲ.

ಹೈದರಾಬಾದ್‌ದವನ ಆ್ಯಡ್ ಕಂಡಿತು. ಬಿಳಿ ಸ್ವಿಫ್ಟ್, 2018 ಮಾಡೆಲ್, 46,000 ಕಿಲೋಮೀಟರ್, ಸಿಂಗಲ್ ಓನರ್, 3,95,000. ಇಲ್ಲಿ ಅದೇ ಗಾಡಿಗಿ ಐದರ ಕೆಳಗ ಯಾರೂ ಮಾತಾಡ್ತಿರಲಿಲ್ಲ. ಫೋನ್ ಮಾಡ್ದೆ. ಮಾತು ಹೆಂಗಂದ್ರ ಸಕ್ಕರಿ, "ಭಾಯ್, ಗುಲ್ಬರ್ಗಾ ತೋ ಅಪ್ನಾ ಘರ್ ಹೈ, ಆಪ್ ಆನೇ ಕೀ ಜರೂರತ್ ಹೀ ನಹೀ, ಗಾಡಿ ಘರ್ ತಕ್ ಭೇಜತಾಂವು" ಅಂದ. ಇಪ್ಪತ್ತೈದು ಫೋಟೋ ಕಳಿಸಿದ, ವಿಡಿಯೋ ಕಳಿಸಿದ, ಡಾಕ್ಟರ್ ಗಾಡಿ ಅಂದ, ದಿನಾ ಮನಿಯಿಂದ ದವಾಖಾನಿಗಿ ಅಷ್ಟೇ ಓಡ್ಯದ ಅಂದ. ಎಲ್ಲಾ ಫೋಟೋದಾಗ ನಂಬರ್ ಪ್ಲೇಟ್ ಮ್ಯಾಲ ಅವನ ಅಂಗಡಿ ಬೋರ್ಡ್ ಇಟ್ಟಿದ್ದ. ಯಾಕಂತ ಕೇಳ್ದೆ, ಓನರ್ ಪ್ರೈವಸಿ ಅಂದ, ಬುಕಿಂಗ್ ಆದ ಮ್ಯಾಲ ಕೊಡ್ತೀನಿ ಅಂದ. ಆವಾಗೇ ಫೋನ್ ಇಡಬೇಕಿತ್ತು. ಸಂಜಿಗಿ ಇನ್ನೊಬ್ಬ ಪಾರ್ಟಿ ಝಹೀರಾಬಾದ್‌ದಿಂದ ಬರ್ಲಾಕತ್ತಾನ, 20,000 ಬಯಾನಾ (ಅಡ್ವಾನ್ಸ್) ಹಾಕ್ರಿ ಹಿಡದಿಡ್ತೀನಿ, ಬ್ಯಾಡಾದ್ರ ಪೂರಾ ವಾಪಸ್ ಅಂತ ಅಂದ, ನಾ ಹಾಕೇಬಿಟ್ಟೆ. ಒಂದೇ ಒಂದು ಒಳ್ಳೇದು ಮಾಡ್ದೆ ಅಂದ್ರ "ಪೂರಾ ವಾಪಸ್" ಅನ್ನೋ ಮಾತು ವಾಟ್ಸಾಪ್‌ನಾಗ ಬರಸ್ಕೊಂಡೆ, ಮುಂದ ಅದೇ ಕೈ ಹಿಡಿತು.

ರಾತ್ರಿ ಗಾಡಿ ನಂಬರ್ ಬಂತು. ಗವರ್ನಮೆಂಟ್‌ದು ಎಂಪರಿವಾಹನ್ ಆ್ಯಪ್‌ನಾಗ ಹಾಕಿ ನೋಡ್ತೀನಿ, ಸಿಂಗಲ್ ಓನರ್ ಅಲ್ಲ, ಮೂರನೇ ಓನರ್. ಇನ್ಶೂರೆನ್ಸ್ ಮುಗದು ಏಳು ತಿಂಗಳ ಆಗಿತ್ತು. ಎಲ್ಲಕ್ಕಿಂತ ದೊಡ್ಡದು, ಆರ್‌ಸಿ ಮ್ಯಾಲ ಫೈನಾನ್ಸ್ ಕಂಪನಿ ಹೆಸರು ಹಂಗೇ ಅದ, ಅಂದ್ರ ಲೋನ್ ತೀರಿಲ್ಲ, ಇಲ್ಲಾ ತೀರಿದ್ರೂ ತೆಗಿಸಿಲ್ಲ. ಲೋನ್ ಮುಗದ ಮ್ಯಾಲ ಬ್ಯಾಂಕ್ ಲೆಟರ್ ಜೊತಿ ಫಾರ್ಮ್ 35 ಕೊಟ್ಟು ಆ ಹೆಸರು ತೆಗಿಸ್ಬೇಕು, ಅದು ಆಗೋತನಕ ಗಾಡಿ ನಿಮ್ಮ ಹೆಸರಿಗಿ ಬರೋದು ಮರ್ತುಬಿಡ್ರಿ. ಕೇಳಿದ್ರ "ಅರೇ ಭಾಯ್, ಆನ್‌ಲೈನ್ ಅಪ್ಡೇಟ್ ನಹೀ ಹುವಾ" ಅಂತಾನ. ಅಂದ್ರ ಗವರ್ನಮೆಂಟ್ ರೆಕಾರ್ಡ್ ಸುಳ್ಳು, ಅವನ ಮಾತು ಖರೆ ಅಂತ ನಾ ನಂಬ್ಬೇಕು.

ಮರುದಿನ ಲೆಕ್ಕ ಕಳಿಸಿದ. 3,95,000 ಜೊತಿ ಫೈಲ್ ಚಾರ್ಜ್ 12,500, ಎನ್‌ಓಸಿ (ಗಾಡಿ ಬ್ಯಾರೆ ರಾಜ್ಯಕ್ಕ ಒಯ್ಲಾಕ ಆರ್‌ಟಿಓ ಕೊಡೋ ಒಪ್ಪಿಗಿ ಪತ್ರ) 15,000, ಗಾಡಿ ಮನಿಗಿ ಮುಟ್ಟಸ್ಲಾಕ 9,000, ಒಟ್ಟು 4,31,500. ಮೊದಲ ದಿನ ಎಲ್ಲಾ ಸೇರಿ ಅಂದಿದ್ದ. ಕರ್ನಾಟಕದ ಟ್ಯಾಕ್ಸ್ ಅಂತ ಕೇಳಿದ್ರ ಅದು ನಿಮ್ದು ಅಂದ. ಇದು ನಮ್ ಕಡಿಯವ್ರು ಎಲ್ಲಾರೂ ಎಡವೋ ಜಾಗ. ತೆಲಂಗಾಣ ಗಾಡಿ ಇಲ್ಲಿ ಕೆಎ 32, ಅಂದ್ರ ಕಲಬುರಗಿ ನಂಬರ್ ಮಾಡಿಸ್ಬೇಕಂದ್ರ ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28 ಎನ್‌ಓಸಿ ತರ್ಬೇಕು, ಮತ್ತ ಇಲ್ಲಿ ಲೈಫ್ ಟ್ಯಾಕ್ಸ್ ಬ್ಯಾರೆ ಕಟ್ಟಬೇಕು, ಗಾಡಿ ಹೊಸದಿದ್ದಾಗಿನ ಬೆಲಿ ಎಷ್ಟು, ಈಗ ಎಷ್ಟ್ ವರ್ಷ ಆಗ್ಯದ ಅಂತ ನೋಡಿ ಹಾಕ್ತಾರ, ಸಣ್ಣ ಮೊತ್ತ ಅಲ್ಲ ಅದು. ಹೈದರಾಬಾದ್‌ನಾಗ ಅಗ್ಗ ಸಿಕ್ತು ಅಂತ ಕುಣಿಯೋ ರೊಕ್ಕ ಅರ್ಧಕ್ಕರ್ಧ ಇಲ್ಲೇ ಹೋಗ್ತದ. ಬಯಾನಾ ಹಾಕೋಕಿಂತ ಮೊದಲ ನಮ್ ಆರ್‌ಟಿಓಕ್ಕ ಹೋಗಿ ಈ ಗಾಡಿಗಿ ಎಷ್ಟ್ ಆಗ್ತದ ಅಂತ ಕೇಳ್ರಿ, ಅರ್ಧ ತಾಸಿನ ಕೆಲಸ.

ನನಗ ಡೌಟ್ ಬಂದಿತ್ತು, ಆದ್ರ ನಾ ಹೋಗೋ ಹಂಗಿಲ್ಲ. ಕಾಕಾನ ಮಗ ಹೈದರಾಬಾದ್‌ನಾಗೇ ನೌಕರಿ ಮಾಡ್ತಾನ, "ತಮ್ಮಾ, ಐತವಾರ ಒಬ್ಬ ಮಿಸ್ತ್ರಿ ಕರ್ಕೊಂಡು ಹೋಗಿ ನೋಡಪ" ಅಂದೆ. ಡೀಲರ್ ಮೊದಲ ಇವತ್ತು ಗಾಡಿ ವಾಶಿಂಗ್‌ಗಿ ಹೋಗ್ಯದ ಅಂದ, ತಮ್ಮ ಹೇಳದೇ ಕೇಳದೇ ಹೋಗಿ ನಿಂತ್ರ ಗಾಡಿ ಅಂಗಡಿ ಮುಂದೇ ನಿಂತದ. ಮಿಸ್ತ್ರಿ ಬಾನೆಟ್ ಬೋಲ್ಟ್ ನೋಡಿದ, ಪಾನಾ ಹಾಕಿದ ಗುರ್ತ ಅವ, ಅಂದ್ರ ಒಮ್ಮಿ ಬಿಚ್ಯಾರ. ಎಡಗಡಿ ಎರಡೂ ಬಾಗಲದ ಗ್ಲಾಸ್ ಮ್ಯಾಲಿನ ಮಾರ್ಕ್ ಬ್ಯಾರೆ ವರ್ಷದ್ದು, ಅಂದ್ರ ಗ್ಲಾಸ್ ಬದಲಿ ಮಾಡ್ಯಾರ. ಇಷ್ಟು ಆಕ್ಸಿಡೆಂಟ್ ಮಾತು ಆಯ್ತು, ಸಣ್ಣದಿದ್ರ ನಾ ಒಪ್ಪಿಕೊಂಡೇಬಿಡ್ತಿದ್ದೆ. ಆಮ್ಯಾಲ ಡ್ರೈವರ್ ಸೀಟ್ ಬೆಲ್ಟ್ ಪೂರಾ ಕಡೀತನಕ ಜಗ್ಗಿದಾನ. ಯಾರೂ ದಿನಾ ಅಷ್ಟು ಜಗ್ಗಲ್ಲ ನೋಡ್ರಿ, ಒಳಗ ಸುತ್ತಿಕೊಂಡು ಇರೋ ಭಾಗದ ಮ್ಯಾಲ ಕಂದು ಬಣ್ಣದ ಗೆರಿ, ನೀರು ನಿಂತ ಗೆರಿ. ಸೀಟ್ ಕೆಳಗ ಬೆರಳು ಹಾಕಿದ್ರ ಹಳಿ ಸಂದ್ಯಾಗ ಒಣಗಿದ ರಾಡಿ, ಸ್ಪ್ರಿಂಗ್ ಎಲ್ಲಾ ಜಂಗ್ ಹಿಡದಾವ. ಮ್ಯಾಲ ಮಾತ್ರ ಹೊಸ ಸೀಟ್ ಕವರ್, ಘಮಘಮ ಸೆಂಟ್.

ತಮ್ಮ ಕಳಿಸಿದ ಈ ಫೋಟೋ ನೋಡಿ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದಂಗಾಯ್ತು. 2020ರ ಅಕ್ಟೋಬರ್‌ನಾಗ ಹೈದರಾಬಾದ್‌ನಾಗ ಮಳಿ ಬಂದು ಕಾರ್ ಕಾರೇ ತೇಲಿ ಹೋಗಿದ್ವು, ಅದೇ ತಿಂಗಳ ನಮ್ ಭೀಮಾ ದಂಡಿ ಊರ್‌ಗಳಾಗ ಬಿ ನೀರು ಹೊಕ್ಕಿತ್ತು, ನೀರಾಗ ನಿಂತ ಗಾಡಿ ಏನಾಗ್ತದ ಅಂತ ನಮಗ ಯಾರೂ ಹೇಳಿಕೊಡೋದು ಬ್ಯಾಡ. ವಾಯರಿಂಗ್ ಒಳಗೇ ಕೊಳೀತದ, ಇವತ್ತು ಚಾಲೂ ಆಗ್ತದ, ಆರು ತಿಂಗಳಿಗಿ ನಡು ರಸ್ತ್ಯಾಗ ಕೈ ಕೊಡ್ತದ, ಏರ್‌ಬ್ಯಾಗ್ ಬರ್ತದೋ ಇಲ್ಲೋ ದೇವರಿಗೇ ಗೊತ್ತು. ಈ ಗಾಡಿ ಯಾವ ಮಳ್ಯಾಗ ಮುಳುಗಿತ್ತೋ ನಾ ಹೇಳಲ್ಲ, ಮುಳುಗಿದ್ದಂತೂ ಖರೆ. ಇದು ಗೊತ್ತಾಗದೇ ಇದ್ದಿದ್ರ ಅಪ್ಪನ್ನ ಇದರಾಗ ಕೂಡಿಸ್ಕೊಂಡು ರಾತ್ರಿ ಸೋಲಾಪುರದಿಂದ ಅಕ್ಕಲಕೋಟ್ ರೋಡಿಗಿ ಬರ್ತಿದ್ದೆ ನಾ.

ಕಿಲೋಮೀಟರ್ ಬಿ ಅಷ್ಟೇ. ಕಂಪನಿ ಸರ್ವಿಸ್ ಸೆಂಟರ್‌ನಾಗ ಗುರ್ತಿನವ್ರಿಗಿ ಗಾಡಿ ನಂಬರ್ ಕೊಟ್ಟೆ, ಕಡೀ ಸರ್ವಿಸ್ 2022ರಾಗ ಆಗ್ಯದ, ಆವಾಗಲೇ 1,08,000 ಓಡಿತ್ತು. ಎರಡು ವರ್ಷ ಆದ ಮ್ಯಾಲ ಮೀಟರ್ 46,000 ತೋರಸ್ತದ.

ರೊಕ್ಕ ವಾಪಸ್ ಕೇಳ್ದೆ. ಒಂದು ವಾರ "ಕಲ್ ಡಾಲತಾಂವು ಭಾಯ್", ಆಮ್ಯಾಲ ಕ್ಯಾನ್ಸಲೇಶನ್ ಚಾರ್ಜ್ ಅಂದ, ಆಮ್ಯಾಲ ಫೋನೇ ಎತ್ತಲಿಲ್ಲ. 1915ಕ್ಕ ಫೋನ್ ಮಾಡ್ದೆ, ಅದು ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್, ಚಾಟ್, ಯುಪಿಐ ಸ್ಲಿಪ್, ಆ್ಯಡ್ ಸ್ಕ್ರೀನ್‌ಶಾಟ್ ಎಲ್ಲಾ ಹಾಕ್ದೆ. ಹತ್ತೊಂಬತ್ತನೇ ದಿನ 12,000 ಬಂತು, ಉಳಿದ 8,000 ಖರ್ಚಿಗಿ ಮುರಕೊಂಡೆ ಅಂದ. ಏನ್ ಖರ್ಚ ಅಂತ ಕೇಳಿದ್ರ ಉತ್ತರ ಇಲ್ಲ. ಮಂದಿ ಹೈದರಾಬಾದ್‌ಗಿ ಹೋಗಿ ಕೇಸ್ ಹಾಕ್ಬೇಕು, 8,000ಕ್ಕ ಯಾಕ ಬಿಡು ಅಂದ್ರು. ಅದು ತಪ್ಪು ತಿಳುವಳಿಕಿ. 2019ರ ಗ್ರಾಹಕರ ಕಾನೂನಿನಾಗ ನೀವು ಎಲ್ಲಿ ಇರ್ತೀರೋ ಅಲ್ಲಿನ ಜಿಲ್ಲಾ ಕಮಿಷನ್‌ನಾಗೇ ಹಾಕಬಹುದು, ಐದು ಲಕ್ಷದ ಒಳಗಿನ ಮಾಲಿಗಿ ಫೀಸ್ ಇಲ್ಲ, ವಕೀಲರು ಇರ್ಲೇಬೇಕು ಅಂತನೂ ಇಲ್ಲ. ನಾ ಕಲಬುರಗಿದಾಗೇ ಹಾಕೀನಿ. ಗಿರಾಕಿ ದೂರ ಅದಾನ, ಬರಲ್ಲ ಅನ್ನೋ ಧೈರ್ಯದ ಮ್ಯಾಲೇ ಇವ್ರ ಅಂಗಡಿ ನಡೀತದ.

ಇನ್ನೊಂದು, 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಡೀಲರ್‌ಗಳು ಆರ್‌ಟಿಓದಿಂದ ಆಥರೈಸೇಶನ್ ಸರ್ಟಿಫಿಕೇಟ್ ತಗೋಬೇಕು ಅಂತ ಕೇಂದ್ರದ ರೂಲ್ ಬಂದದ. ಇವನಿಗಿ ಕೇಳ್ದೆ, "ವೋ ಕ್ಯಾ ಹೋತಾ ಹೈ" ಅಂದ. ನೀವು ಫೋನ್‌ನಾಗ ಮೊದಲ ಗಾಡಿ ನಂಬರ್ ಕೇಳ್ರಿ, ಎರಡನೇದು ಆ ಸರ್ಟಿಫಿಕೇಟ್ ಫೋಟೋ. ಎರಡೂ ಕೊಡಲ್ಲ ಅಂದ್ರ ಬಯಾನಾ ಮಾತೇ ತೆಗೀಬ್ಯಾಡ್ರಿ. ನಂಬರ್ ಬಂದ್ರ ಚಲನ್ ಬಿ ನೋಡ್ಕೋರಿ, ತೆಲಂಗಾಣ ಪೊಲೀಸರ ಇ-ಚಲನ್ ಸೈಟ್‌ನಾಗ ಸಿಗ್ತದ.

ನನಗ ಗಾಡಿ ಸಿಕ್ತು, ಇಲ್ಲೇ ಸೇಡಂ ರೋಡ್‌ನಾಗ ಒಬ್ಬರು ರಿಟೈರ್ಡ್ ಸರ್ ಅವ್ರದ್ದು, ಕೆಎ 32, 5,10,000 ಕೊಟ್ಟೆ, ಜಾಸ್ತಿನೇ ಆಯ್ತು, ಆದ್ರ ಗಾಡಿ ಹೆಸರಿಗಿ ಮಾಡೋ ಫಾರ್ಮ್ 29, 30ಕ್ಕ ಅವ್ರೇ ಆರ್‌ಟಿಓಕ್ಕ ಬಂದು ಸಹಿ ಹಾಕಿದ್ರು. ಅಪ್ಪ ಈಗ ಅದರಾಗೇ ಸೋಲಾಪುರಕ್ಕ ಹೋಗಿ ಬರ್ತಾರ.

ಹೈದರಾಬಾದ್ ಅಂಗಡಿಗಿ ಐದರಾಗ ಒಂದು ಸ್ಟಾರ್, ಅದು ಬಿ ಸೊನ್ನಿ ಕೊಡ್ಲಾಕ ಬರಲ್ಲಂತ. ಮೊನ್ನಿ ತಮ್ಮ ಒಂದು ಸ್ಕ್ರೀನ್‌ಶಾಟ್ ಕಳಿಸ್ಯಾನ, ಅದೇ ಗಾಡಿ ಮತ್ತ ಆ್ಯಡ್‌ಗಿ ಬಂದದ, ಈಗ 4,10,000, ಲೇಡಿ ಟೀಚರ್ ಗಾಡಿ ಅಂತ ಬರದಾರ, ಕಿಲೋಮೀಟರ್ 44,000. ಬಿಳಿ ಸ್ವಿಫ್ಟ್ ಡೀಸೆಲ್, 2018, ಮರೂನ್ ಸೀಟ್ ಕವರ್, ಎಡಗಡಿ ಕನ್ನಡಿ ಕೆಳಗ ಸಣ್ಣ ಗೀರು ಅದ, ಪ್ಲೇಟ್ ಮ್ಯಾಲ ಅಂಗಡಿ ಬೋರ್ಡ್. ನಿಮಗ ಯಾರಾದ್ರೂ ಈ ಫೋಟೋ ಕಳಿಸಿದ್ರ ಸೀಟ್ ಬೆಲ್ಟ್ ಪೂರಾ ಜಗ್ಗಿ ವಿಡಿಯೋ ಕಾಲ್‌ನಾಗ ತೋರ್ಸು ಅಂತ ಕೇಳ್ರಿ.