ಥನಾಸಿಸ್ ವೆಂಗೊಸ್ ಸಿನಿಮಾ: ನಗುವಿಗೆ ತೊಂದರೆಯಿಲ್ಲ, ಸಬ್‌ಟೈಟಲ್ ಕಡೆ ಲಕ್ಷ್ಯವಿರಲಿ

ಕಂಪನಿ ನಾಟಕ ನೋಡಿ ಬೆಳೆದ ಹುಬ್ಬಳ್ಳಿ-ಧಾರವಾಡದ ಮಂದಿಗೆ ಹಾಸ್ಯವೆಂದರೆ ಮಾತು. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ದಿಂದ ಮಾತು ತೆಗೆದರೆ ಉಳಿಯುವುದೇನು? ಗ್ರೀಸಿನ ಹಾಸ್ಯನಟ ಥನಾಸಿಸ್ ವೆಂಗೊಸ್ (1927–2011) ಇದಕ್ಕೆ ತದ್ವಿರುದ್ಧ. ಬೋಳುತಲೆ, ಮುಂದಕ್ಕೆ ಬಾಗಿದ ಮೈ, ಎತ್ತ ಹೊರಟೆನೆಂದು ತನಗೇ ತಿಳಿಯದಂಥ ಓಟ. ಬೀಳುವುದು, ಏಳುವುದು, ಡಿಕ್ಕಿ ಹೊಡೆಯುವುದು ಎಲ್ಲವೂ ಸ್ವತಃ ಮಾಡಿದ್ದು.

ಮೊದಲು 1971ರ 'ತಿ ಎಕಾನೆಸ್ ಸ್ತೊನ್ ಪೋಲೆಮೊ ಥನಾಸಿ' ನೋಡಿ. ನಮ್ಮ ಕಡೆ ಹೇಳುವುದಾದರೆ 'ಯುದ್ಧದಾಗ ಏನ್ ಮಾಡಿದಿ ಥನಾಸಿ'. ನಿರ್ದೇಶನ ದಿನೋಸ್ ಕತ್ಸುರಿದಿಸ್ ಅವರದು. ಥೆಸಲೊನಿಕಿ ಚಿತ್ರೋತ್ಸವದಲ್ಲಿ ಇದಕ್ಕೂ ವೆಂಗೊಸ್‌ಗೂ ಪ್ರಶಸ್ತಿ ಬಂತು. ಕಥೆ ನಾಜಿಗಳು ಗ್ರೀಸನ್ನು ಹಿಡಿದಿದ್ದ ಕಾಲದ್ದು. ಚಿತ್ರ ತೆರೆಕಂಡಾಗ ಅಲ್ಲಿ ಸೇನಾಡಳಿತ (1967–74). ಇಷ್ಟು ಗೊತ್ತಿದ್ದರೆ ಹಸಿವಿನ ದೃಶ್ಯಗಳಲ್ಲಿ ನಗು ಗಂಟಲಲ್ಲೇ ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದು ಹೊಳೆಯುತ್ತದೆ. ಗ್ರೀಸಿನ ಅಂತರ್ಯುದ್ಧದ ಹೊತ್ತಿನಲ್ಲಿ ವೆಂಗೊಸ್‌ರನ್ನೂ ಗಡಿಪಾರು ಶಿಬಿರವಿದ್ದ ಮಕ್ರೊನಿಸೊಸ್ ದ್ವೀಪಕ್ಕೆ ಅಟ್ಟಿದ್ದರು. ಅಲ್ಲಿ ಪರಿಚಯವಾದ ನಿರ್ದೇಶಕ ನಿಕೊಸ್ ಕುಂದುರೊಸ್ 1954ರಲ್ಲಿ ಅವರನ್ನು ಸಿನಿಮಾಕ್ಕೆ ಕರೆತಂದರು.

ಈಗ ತಲೆನೋವಿನ ವಿಷಯ. ಯಂತ್ರ ಅನುವಾದದ ಸಬ್‌ಟೈಟಲ್ ನಂಬಬೇಡಿ. ಗಡಿಬಿಡಿಯಲ್ಲಿ ಉದುರುವ ಅರ್ಧಂಬರ್ಧ ಮಾತನ್ನು ಅದು ಹಿಡಿಯಲಾರದು. ಬೇರೆ ಎಸ್‌ಆರ್‌ಟಿ (ಸಬ್‌ಟೈಟಲ್ ಸಾಲುಗಳ) ಫೈಲ್ ಹಾಕಿದರೂ ಕೆಲವೊಮ್ಮೆ ಸಾಲು ಮಾತಿಗೆ ಹೊಂದುವುದಿಲ್ಲ. ಮೊದಲಿನಿಂದ ಕೊನೆವರೆಗೆ ವ್ಯತ್ಯಾಸ ಒಂದೇ ಇದ್ದರೆ ಸುಲಭ: ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ಸಾಲು ಬೇಗ ಬಂದರೆ 'ಎಚ್', ತಡವಾದರೆ 'ಜಿ' ಒತ್ತಿ. ಒಂದು ಒತ್ತಿಗೆ 50 ಮಿಲಿಸೆಕೆಂಡ್ ಸರಿಯುತ್ತದೆ. ಆರಂಭದಲ್ಲಿ ಸರಿಯಿದ್ದು ಬರಬರುತ್ತ ಹಿಂದೆ ಬಿದ್ದರೆ ಅದು ಫ್ರೇಮ್ ವೇಗದ ತಕರಾರು. ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಬರೆದ ಸಾಲನ್ನು 25ರ ಪ್ರತಿಗೆ ಹಾಕಿದರೆ ಒಂದೂವರೆ ತಾಸಿನ ಚಿತ್ರದ ಕೊನೆಗೆ ಮೂರೂವರೆ ನಿಮಿಷ ತಪ್ಪುತ್ತದೆ. ಆಗ ಕೀ ಒತ್ತುತ್ತ ಕೂತರೆ ಪ್ರಯೋಜನವಿಲ್ಲ, ವಿಎಲ್‌ಸಿಯ 'ಟ್ರ್ಯಾಕ್ ಸಿಂಕ್ರೊನೈಸೇಶನ್' ಕಿಟಕಿಯಲ್ಲಿ ಸಬ್‌ಟೈಟಲ್ ವೇಗವನ್ನೇ ಬದಲಿಸಬೇಕು. ಅಕ್ಷರದ ಬದಲು ಚೌಕಗಳೋ ವಿಚಿತ್ರ ಗುರುತುಗಳೋ ಕಂಡರೆ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಮತ್ತೆ ಉಳಿಸಿ.

ಚಿತ್ರ ಕಪ್ಪು-ಬಿಳುಪು. ಗೆಳೆಯರನ್ನೆಲ್ಲ ಸೇರಿಸಿ ಪ್ರೊಜೆಕ್ಟರ್ ಹಾಕುವವರು ಕತ್ತಲಾಗುವವರೆಗೆ ಕಾಯಿರಿ. ಬೆಳಕಿರುವ ಕೋಣೆಯಲ್ಲಿ ರಾತ್ರಿಯ ದೃಶ್ಯಗಳು ಬರೀ ಬೂದಿ.

ವೆಂಗೊಸ್ ಸ್ವಂತ ಸಿನಿಮಾ ಕಂಪನಿ ಕಟ್ಟಿ, ಸಾಲದಲ್ಲಿ ಮುಳುಗಿದ್ದೂ ಉಂಟು. ಆ ಕಾಲದ ಗುಪ್ತಚರ ಅಣಕು ಚಿತ್ರಗಳಲ್ಲಿ ಹೊಡೆದಾಟ, ಓಟಗಳ ಭರಾಟೆ. ಒಂದು ಮುಗಿದೊಡನೆ ಇನ್ನೊಂದು ಹಾಕಿದರೆ ದಣಿವೇ ಹೆಚ್ಚು. ಅವುಗಳ ಬದಲು ಗ್ರೀಕ್ ನಿರ್ದೇಶಕ ಆಂಜೆಲೊಪುಲೊಸ್‌ರ 1995ರ 'ಯುಲಿಸಿಸ್ ಗೇಜ್' ನೋಡಿ. ಅದರಲ್ಲಿ ವೆಂಗೊಸ್‌ರ ಟ್ಯಾಕ್ಸಿ ಚಾಲಕನ ಪಾತ್ರ ಚಿಕ್ಕದು, ಓಟವೂ ಇಲ್ಲ. ಚಿತ್ರ ಮಾತ್ರ ಮೂರು ತಾಸಿನ ಹತ್ತಿರ. ಊಟ ಮುಗಿಸಿಯೇ ಕೂಡ್ರಿ.