ರಸ್ಟ್‌ಡೆಸ್ಕ್: ಅದರ ಕೀಬೋರ್ಡ್ ಮೆನು ಒಮ್ಮೆ ನೋಡಿ

ರಸ್ಟ್‌ಡೆಸ್ಕ್ ಅಂದರೆ ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ಸಾಫ್ಟ್‌ವೇರ್. ಅದು ಓಪನ್ ಸೋರ್ಸ್, ದುಡ್ಡು ಕೊಡದೆ ಬಳಸಬಹುದು, ಬೇಕಿದ್ದರೆ ಸರ್ವರ್ ಕೂಡ ನಮ್ಮದೇ ಇಟ್ಟುಕೊಳ್ಳಬಹುದು. ಆದರೆ ನನಗೆ ಅದು ಇಷ್ಟವಾಗಿದ್ದು ಕೀಬೋರ್ಡ್ ಮೆನುವಿಗಾಗಿ.

ನನ್ನ ಕೆಲಸ ಪುಣೆಯ ಹಿಂಜೆವಾಡಿಯಲ್ಲಿ, ಕೆಲವು ಟೆಸ್ಟ್ ಮೆಷಿನ್‌ಗಳು ಜರ್ಮನಿಯಲ್ಲಿ. ಜರ್ಮನ್ ಲೇಔಟ್‌ನಲ್ಲಿ, ಅಂದರೆ ಯಾವ ಕೀಲಿಗೆ ಯಾವ ಅಕ್ಷರ ಅನ್ನುವ ಅಲ್ಲಿನ ಜೋಡಣೆಯಲ್ಲಿ, ವೈ ಮತ್ತು ಝಡ್ ಅದಲುಬದಲು, ಶಿಫ್ಟ್ ಜೊತೆ 7 ಒತ್ತಿದರೆ ಸ್ಲ್ಯಾಶ್, ಇಮೇಲ್‌ನ ಅಟ್ ಚಿಹ್ನೆ ಬೇಕೆಂದರೆ ಬಲಗಡೆಯ ಆಲ್ಟ್ ಕೀಲಿ (ಆಲ್ಟ್‌ಜಿಆರ್) ಹಿಡಿದು ಕ್ಯೂ ಒತ್ತಬೇಕು. ಬೇರೆ ಕಡೆ ಹೇಗೋ ನಡೆಯುತ್ತದೆ, ಆದರೆ ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಕಾಣುತ್ತದಲ್ವಾ, ಒಳಗೆ ಏನು ಬಿತ್ತು ಅಂತ ಗೊತ್ತೇ ಆಗುವುದಿಲ್ಲ.

ಇಲ್ಲಿ ವಿಷಯ ಒಂದೇ. ನಾವು ಒತ್ತಿದ ಕೀಲಿಯ ಜಾಗ ಆ ಕಡೆಗೆ ಹೋಗಬೇಕೋ, ಇಲ್ಲಿ ಮೂಡಿದ ಅಕ್ಷರ ಹೋಗಬೇಕೋ? ರಸ್ಟ್‌ಡೆಸ್ಕ್‌ನ ಮ್ಯಾಪ್ ಮೋಡ್ ಜಾಗ ಕಳಿಸುತ್ತದೆ, ಅಕ್ಷರ ಯಾವುದು ಅಂತ ಆ ಕಡೆಯ ಲೇಔಟ್ ತೀರ್ಮಾನಿಸುತ್ತದೆ. ಟ್ರಾನ್ಸ್‌ಲೇಟ್ ಮೋಡ್ ನಮ್ಮ ಲೇಔಟ್‌ನ ಅಕ್ಷರವನ್ನೇ ಕಳಿಸುತ್ತದೆ. ಜರ್ಮನ್ ಮೆಷಿನ್‌ನಲ್ಲಿ ಟೈಪ್ ಮಾಡುವಾಗ ನನಗೆ ಟ್ರಾನ್ಸ್‌ಲೇಟ್ ಬೇಕು.

ಕನ್ನಡಕ್ಕೆ ಪೂರ್ತಿ ಉಲ್ಟಾ. ಪಿಂಪ್ರಿಯಲ್ಲಿರುವ ನಮ್ಮ ದೊಡ್ಡಪ್ಪ ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಲೇಔಟ್‌ನಲ್ಲಿ ಬರೆಯುತ್ತಾರೆ, ಫಾಂಟ್ ಕೆಟ್ಟರೆ, ಪುಟ ಓಡಿಹೋದರೆ ನನಗೇ ಫೋನ್: "ನೀನೇ ಅಲ್ಲಿಂದ ಸರಿ ಮಾಡಪ್ಪ." ಮೊದಲು ಬಳಸುತ್ತಿದ್ದ ಒಂದು ಸಾಫ್ಟ್‌ವೇರ್ (ಹೆಸರು ಬೇಡ) ಅಕ್ಷರ ಮಾತ್ರ ಕಳಿಸುತ್ತಿತ್ತು. ಅವರ ಕಡೆ ಕನ್ನಡ ಆನ್ ಇದ್ದರೂ ನಾನು ಕೆ, ಡಿ, ಎಲ್ ಒತ್ತಿದರೆ ಪರದೆ ಮೇಲೆ ಅದೇ ಮೂರು ಇಂಗ್ಲಿಷ್ ಅಕ್ಷರ. ಕೊನೆಗೆ ಇಲ್ಲಿ ಟೈಪ್ ಮಾಡಿ ಅಲ್ಲಿ ಪೇಸ್ಟ್ ಮಾಡುವುದು, ಎಷ್ಟು ಬೇಜಾರಿನ ಕೆಲಸ ಅದು! ಮ್ಯಾಪ್ ಮೋಡ್‌ನಲ್ಲಿ ಅವೇ ಮೂರು ಕೀಲಿ ಒತ್ತಿದರೆ ನೇರವಾಗಿ 'ಕ್ತ' ಬರುತ್ತದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಲೇಔಟ್ ಹಾಕಿಕೊಳ್ಳಲೇಬೇಕು ಅಂತಿಲ್ಲ.

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ದಾರಿ ಬೇರೆ. ಅದು ಕೀಲಿಯ ಜಾಗದ ಜೊತೆಗೆ ನಮ್ಮ ಲೇಔಟ್ ಯಾವುದು ಅಂತಲೂ ಸಂಪರ್ಕ ಕೂಡುವಾಗಲೇ ಹೇಳುತ್ತದೆ. ಅದು ಬೇಡ ಅನ್ನುವವರು ಆ ಕಡೆಯ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ ಇಡುವ ಜಾಗ) 'ಇಗ್ನೋರ್‌ರಿಮೋಟ್‌ಕೀಬೋರ್ಡ್‌ಲೇಔಟ್' ಅನ್ನುವುದನ್ನು 1 ಮಾಡಬೇಕು. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ರಿಜಿಸ್ಟ್ರಿಗೆ ಕೈ ಹಾಕುವುದು ನನಗೆ ಇಷ್ಟವಿಲ್ಲ. ರಸ್ಟ್‌ಡೆಸ್ಕ್‌ನಲ್ಲಿ ಸೆಷನ್ ನಡೆಯುತ್ತಿರುವಾಗಲೇ ಮೇಲಿನ ಟೂಲ್‌ಬಾರ್‌ನ ಕೀಬೋರ್ಡ್ ಚಿತ್ರ ಒತ್ತಿ ಮೋಡ್ ಬದಲಿಸಬಹುದು.

ಹೆಸರುಗಳನ್ನು ಮಾತ್ರ ಬದಲಿಸಲಿ. 'ಮ್ಯಾಪ್', 'ಟ್ರಾನ್ಸ್‌ಲೇಟ್' ಅಂದರೆ ಸಾಮಾನ್ಯ ಜನರಿಗೆ ಏನು ತಿಳಿಯಬೇಕು? 'ಆ ಕಡೆಯ ಲೇಔಟ್', 'ಈ ಕಡೆಯ ಲೇಔಟ್' ಅಂತ ಬರೆದರೆ ನಮ್ಮ ದೊಡ್ಡಪ್ಪನೂ ತಾವೇ ಆರಿಸಿಕೊಳ್ಳುತ್ತಾರೆ.